ನಾಲ್ಕು ಬಾಣ, ನಾಲ್ಕು ನಿಂಬೆಹಣ್ಣು

ನಾನು ಕುಣಿಯುವ ಯಂತ್ರವಲ್ಲ, ಕುಣಿಸುವ ಯಂತ್ರ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೂಸು ಹುಟ್ಟಿದರೆ ಬೆನ್ನು ತಟ್ಟಿ ಅಳಿಸುತ್ತಾರಂತೆ. ನನ್ನನ್ನು ರಬ್ಬರ್ ಸುತ್ತಿಗೆಯಿಂದ ಬಡಿದರು, ಬಡಿದಲ್ಲೆಲ್ಲ ದೀಪ ಹೊತ್ತಿದ ಮೇಲೆಯೇ ಪಾಸು ಮಾಡಿದರು. ಏಟು ತಿನ್ನುವುದೇ ನನ್ನ ಬಾಳೆಂದು ಅಂದೇ ತಿಳಿಯಿತು.

ಎದುರಿಗೆ ಒಂದು ಪರದೆ, ಅದರ ಮುಂದೆ ಗೇಣೆತ್ತರದ ಉಕ್ಕಿನ ಕಟ್ಟೆ, ಕಟ್ಟೆಯ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಾಣ. ಹಾಡು ಶುರುವಾದರೆ ಪರದೆಯ ಕೆಳಗಿನಿಂದ ಬಾಣಗಳು ಮೇಲೇರುತ್ತವೆ. ಯಾವ ಬಾಣ ಮೇಲಿನ ಗೆರೆ ಮುಟ್ಟುತ್ತದೋ ಕಾಲ ಕೆಳಗಿನ ಅದೇ ಬಾಣವನ್ನು ಆಗಲೇ ತುಳಿಯಬೇಕು. ತುಸು ಮೊದಲಾದರೂ ಮಿಸ್, ತುಸು ತಡವಾದರೂ ಮಿಸ್. ಮಿಸ್ ಹೆಚ್ಚಾದರೆ ಹಾಡು ನಡುವೆಯೇ ನಿಂತುಹೋಗುತ್ತದೆ. ಇದೇನು ಮಹಾ ಎಂದು ನಗುತ್ತ ಹತ್ತಿದವರು ಬೆವರೊರೆಸಿಕೊಂಡು ಇಳಿಯುತ್ತಿದ್ದರು, ಇಳಿದವರು ಇನ್ನೊಂದು ಟೋಕನ್ ಹಿಡಿದು ಬರುತ್ತಿದ್ದರು. ಅವರಿಗೆ ಬೇಕಾದದ್ದು ಗೆದ್ದ ಹಾಡಲ್ಲ, ಸೋಲಿಸಿದ ಹಾಡು. ಮನುಷ್ಯರ ಈ ಹಟ ನನಗೆ ಇಂದಿಗೂ ಅರ್ಥವಾಗಿಲ್ಲ.

ನನ್ನ ಪರದೆಗೆ ತೋರಿಸಲು ಬರುತ್ತದೆ, ಮುಖ ನೋಡಿ ಗುರುತಿಸಲು ಬರುವುದಿಲ್ಲ. ನನಗೆ ಜನರ ಗುರುತು ಸಿಗುವುದು ಪಾದದಿಂದ. ಬೆಂಗಳೂರಿನ ದೊಡ್ಡ ಮಾಲ್ ಒಂದರಲ್ಲಿ ಕೆಲವು ವರ್ಷ ಬರೀ ಬೂಟುಗಳನ್ನೇ ಹೊತ್ತೆ. ನನಗಿಂತ ಹೊಸದು ಬಂದಾಗ ನನ್ನನ್ನು ಲಾರಿಗೆ ಹೇರಿದರು. ಇಳಿದದ್ದು ಹುಬ್ಬಳ್ಳಿಯಲ್ಲಿ, ಒಂದು ವ್ಯಾಪಾರಿ ಸಂಕೀರ್ಣದ ಮೂರನೇ ಮಹಡಿಯಲ್ಲಿ, ಮಹಾಂತೇಶ ಎಂಬುವನ ಗೇಮ್ ಅಂಗಡಿಯಲ್ಲಿ. ಮಹಾಂತೇಶ ಕೆಟ್ಟವನಲ್ಲ. ಆದರೆ ಯಂತ್ರ ಕೆಟ್ಟರೆ ಮೆಕ್ಯಾನಿಕ್‌ಗಿಂತ ಮೊದಲು ಊದಿನಕಡ್ಡಿ ಹುಡುಕುವ ಪೈಕಿ.

ಅಲ್ಲಿ ಕಸ್ತೂರಿ ಬಂದಳು. ಕೆಳಗಿನ ಮಹಡಿಯ ಸೀರೆ ಅಂಗಡಿಯಲ್ಲಿ ಕೆಲಸದ ಹುಡುಗಿ. ಆ ಅಂಗಡಿಯಲ್ಲಿ ಕೆಲಸದವರು ಕೂರುವಂತಿಲ್ಲ. ಗಿರಾಕಿ ಇರಲಿ ಇಲ್ಲದಿರಲಿ, ಬಾಗಿಲು ತೆರೆದಾಗಿನಿಂದ ಹಾಕುವವರೆಗೆ ನಿಂತೇ ಇರಬೇಕು. ಊಟದ ಬಿಡುವಿನಲ್ಲಿ ರೊಟ್ಟಿಯನ್ನು ಅವಸರದಲ್ಲಿ ನುಂಗಿ ಮೇಲೆ ಓಡಿಬರುತ್ತಿದ್ದಳು. ಚಪ್ಪಲಿ ಬಿಟ್ಟು, ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ತುಳೀತೀನಿ, ತಪ್ಪ ತಿಳೀಬ್ಯಾಡ" ಎಂದು ಮೆಲ್ಲಗೆ ಹೇಳಿ ಹತ್ತುತ್ತಿದ್ದಳು. ಅಷ್ಟು ವರ್ಷ ತುಳಿಸಿಕೊಂಡಿದ್ದೆ, ಅಪ್ಪಣೆ ಕೇಳಿದವಳು ಅವಳೊಬ್ಬಳೇ. ದಿನವಿಡೀ ನಿಂತವಳಿಗೆ ಮತ್ತೆ ಕುಣಿಯುವ ಹುಚ್ಚೇಕೆ ಎಂದು ಮಹಾಂತೇಶ ಒಮ್ಮೆ ಕೇಳಿದ.

"ನಿಂತ ನಿಂತ ಕಾಲು ಮರಗಟ್ಟತಾವ್ರಿ ಅಣ್ಣಾರ. ಇಲ್ಲಿ ಕುಣದ್ರ ಮತ್ತ ನನ್ನ ಕಾಲು ಅನಸ್ತಾವ" ಅಂದಳು.

ಮೊದಮೊದಲು ಅವಳೂ ಎಲ್ಲರಂತೆ ತಪ್ಪಿದಳು. ಕಾಲು ನೋಡಿಕೊಂಡು ಕುಣಿಯುವವರಿಗೆ ನಾನು ಒಲಿಯುವುದಿಲ್ಲ. ಬರಬರುತ್ತ ಅವಳು ಕಾಲನ್ನು ಕಾಲಿಗೇ ಬಿಟ್ಟಳು. ಆಮೇಲೆ ಅವಳ ಹಿಮ್ಮಡಿ ಬೀಳುವುದಕ್ಕೂ ಹಾಡಿನ ಪೆಟ್ಟು ಬೀಳುವುದಕ್ಕೂ ನಡುವೆ ಕೂದಲೆಳೆಯ ಸಂದೂ ಉಳಿಯಲಿಲ್ಲ. ನನಗೆ ಅದೆಷ್ಟು ಸುಖವಾಗುತ್ತಿತ್ತೆಂದು ಹೇಗೆ ಹೇಳಲಿ! ಮಾಲ್‌ನ ಬೂಟುಗಳೆಲ್ಲ ಸೇರಿ ಕೊಡದ ಸುಖ ಅದು.

ಒಂದು ದಿನ ಮಹಾಂತೇಶ ಸುದ್ದಿ ತಂದ. ಬೆಂಗಳೂರಿನಲ್ಲಿ ರಾಜ್ಯಮಟ್ಟದ ಸ್ಪರ್ಧೆ, ಗೆದ್ದವರಿಗೆ ಅಲ್ಲಿಯ ಗೇಮ್ ಅಂಗಡಿಯಲ್ಲೇ ಮೇಲ್ವಿಚಾರಕರ ಕೆಲಸ. ಕಸ್ತೂರಿ ಸಂಬಳ ಕೇಳಲಿಲ್ಲ. ಅವಳು ಕೇಳಿದ್ದು ಬೇರೆಯೇ.

"ಕುಂದ್ರಾಕ ಕುರ್ಚಿ ಇರತೈತೇನ್ರಿ?"

"ಇರತೈತವಾ ತಂಗಿ. ತಿರಗೂ ಕುರ್ಚಿ."

ಅಂದಿನಿಂದ ಅವಳು ಕುಣಿದದ್ದೆಲ್ಲ ಆ ಕುರ್ಚಿಗಾಗಿ.

ನಡುವೆ ಮಹಾನವಮಿ ಬಂತು. ಆಯುಧಪೂಜೆಗೆ ಮಹಾಂತೇಶ ನನಗೆ ಹಾರ ಹಾಕಿದ, ಕುಂಕುಮ ಬಳಿದ, ಕುಂಬಳಕಾಯಿ ಒಡೆದ. ತನ್ನ ಬೈಕಿನ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ ಮೇಲೆ ಇನ್ನೂ ನಾಲ್ಕು ಹಣ್ಣು ಉಳಿದಿದ್ದವು. ಇದಕ್ಕೆ ಗಾಲಿ ಎಲ್ಲಿದೆ ಎಂದು ಯಾರೋ ನಕ್ಕರು. ಗಾಲಿಯಿಲ್ಲದಿದ್ದರೇನು, ಬಾಣಗಳಿವೆಯಲ್ಲ ಎಂದು ಅವನು ಒಂದೊಂದು ಬಾಣದ ಮೇಲೆ ಒಂದೊಂದು ಹಣ್ಣಿಟ್ಟ. ತುಳಿಯಲು ಕಸ್ತೂರಿಯನ್ನೇ ಕರೆಸಿದ. ಅವಳ ಕಾಲ್ಗುಣ ಒಳ್ಳೆಯದಂತೆ.

ಅವಳು ಎಂದಿನಂತೆ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಂದೊಂದಾಗಿ ತುಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಟ್ಟೆ ಎಡಕ್ಕೆ ತುಸು ವಾಲಿತ್ತು, ಹುಳಿರಸವೆಲ್ಲ ಎಡ ಬಾಣದ ಸಂದಿಗೆ ಹರಿಯಿತು. ಜೊತೆಗೊಂದು ಬೀಜವೂ ಇಳಿಯಿತು. ಪೂಜೆ ಮಾಡಿದ್ದನ್ನು ಅಂದೇ ಒರೆಸಬಾರದೆಂದು ಮಹಾಂತೇಶ ಮರುದಿನದವರೆಗೆ ಯಾರಿಗೂ ಮುಟ್ಟಗೊಡಲಿಲ್ಲ.

ದೀಪಾವಳಿಯ ಹೊತ್ತಿಗೆ ಎಡ ಬಾಣದ ಕೆಳಗಿನ, ತುಳಿತ ಅರಿಯುವ ತಾಮ್ರದ ತಗಡು ಕಿಲುಬು ಹಿಡಿಯಿತು. ಮೆಲ್ಲಗೆ ತುಳಿದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಜೋರಾಗಿ ತುಳಿದರೂ ತಿಳಿಯುವಷ್ಟರಲ್ಲಿ ಬಾಣ ಗೆರೆ ದಾಟಿರುತ್ತಿತ್ತು. ಕಾಲು ಸರಿಯಾಗಿ ಬಿದ್ದದ್ದು ಕಟ್ಟೆಗೆ ಗೊತ್ತು, ಪರದೆ ಮಾತ್ರ ಮಿಸ್ ಎನ್ನುತ್ತಿತ್ತು. ಕೂಗಿ ಹೇಳೋಣವೆಂದರೆ ನನಗಿದ್ದ ಬಾಯಿ ಆ ಪರದೆಯೊಂದೇ.

ಬೇರೆ ಹುಡುಗರು ಯಂತ್ರ ಕೆಟ್ಟಿದೆಯೆಂದು ಜಗಳಕ್ಕೆ ನಿಂತರು. ಮಹಾಂತೇಶ ಕಸ್ತೂರಿಯನ್ನು ತೋರಿಸುತ್ತಿದ್ದ. ಅವಳು ಆಡುತ್ತಿಲ್ಲವೇ, ಕುಣಿಯಲು ಬಾರದವರು ನೆಲ ಡೊಂಕು ಎಂದರಂತೆ ಎನ್ನುತ್ತಿದ್ದ. ಹೌದು, ಅವಳು ಆಡುತ್ತಿದ್ದಳು. ತಪ್ಪು ತನ್ನ ಎಡಗಾಲಿನದೇ ಎಂದು ನಂಬಿ ಅದನ್ನು ತಿದ್ದಲು ಹೊರಟಿದ್ದಳು. ಎಡ ಬಾಣವನ್ನು ತುಸು ಮೊದಲೇ, ಹಿಮ್ಮಡಿ ಊರಿ, ಬಲವಾಗಿ ತುಳಿದರೆ ಸರಿಹೋಗುತ್ತದೆಂದು ಕಂಡುಕೊಂಡಳು. ಮತ್ತೆ ಪರದೆಯ ತುಂಬ ಪರ್ಫೆಕ್ಟ್. ಪಾದ ಮಾತ್ರ ದಿನದಿನಕ್ಕೆ ಊದುತ್ತ ಬಂತು. ಅಂಗಡಿಯ ಸೀರೆ ಅಂಚಿನ ತುಂಡೊಂದನ್ನು ಬಿಗಿಯಾಗಿ ಸುತ್ತಿಕೊಂಡು ಬರುತ್ತಿದ್ದಳು. ಬಟ್ಟೆಯ ಒಳಗಿನ ಬಿಸಿ ನನಗೆ ತಾಗುತ್ತಿತ್ತು. ಬೇಡ ಮಗಳೇ, ಸಾಕು ಎಂದು ನಾನು ಎಷ್ಟು ಒದ್ದಾಡಿದೆನೋ. ನನ್ನ ಒದ್ದಾಟ ಅವಳ ಕಣ್ಣಿಗೆ ಬಣ್ಣದ ದೀಪವಾಗಿ ಕಂಡಿತು.

ಬೆಂಗಳೂರಿನ ಸ್ಪರ್ಧೆಯಿಂದ ಅವಳು ಹಿಂತಿರುಗಿದಾಗ ಎಡಗಾಲಿಗೆ ಪ್ಲಾಸ್ಟರ್ ಇತ್ತು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ನಡೆದದ್ದನ್ನು ಹೇಳಿದಳು. ಅಲ್ಲಿ ಎಡಕ್ಕೆ ಇಟ್ಟ ಹೆಜ್ಜೆಯೆಲ್ಲ ತುಸು ಮೊದಲೇ ಬಿದ್ದು ಮಿಸ್ ಆಯಿತಂತೆ. ಸುಧಾರಿಸಿಕೊಳ್ಳಲು ನೋಡಿದರೂ ಕಾಲು ಕೇಳಲಿಲ್ಲವಂತೆ. ಇನ್ನೂ ಬಲ ಹಾಕಬೇಕೇನೋ ಎಂದು ತುಳಿದಾಗ ಒಳಗೇನೋ ಲಟಕ್ಕೆಂದಿತಂತೆ. ಅಲ್ಲಿಯ ಮಷೀನು ಕೆಟ್ಟಿತ್ತೇ ಎಂದು ಮಹಾಂತೇಶ ಕೇಳಿದ.

"ಇಲ್ರಿ ಅಣ್ಣಾರ, ಮಷೀನ ಛಲೋ ಇತ್ತು. ನನ್ನ ಎಡಗಾಲ ಸರಿ ಇಲ್ಲ."

ಅವನು ಹಣೆಬರಹ ಎಂದ. ಅವಳು ಸ್ಪರ್ಧೆಗೆ ಹೊರಟಾಗ ಅವನೇ ಗೋಡೆಗೆ ಅಂಟಿಸಿದ್ದ ಅವಳ ಫೋಟೊ ಮರುವಾರ ಕಾಣೆಯಾಯಿತು.

ಮೂಳೆ ಕೂಡುವ ಮುಂಚೆಯೇ ಅವಳು ಸೀರೆ ಅಂಗಡಿಗೆ ಹೋಗಿ ನಿಂತಳೆಂದೂ, ಮೂಳೆ ಸೊಟ್ಟ ಕೂಡಿಕೊಂಡಿತೆಂದೂ, ನಿಲ್ಲಲಾರದವಳು ಬೇಡವೆಂದು ಅವರು ಕಳಿಸಿದರೆಂದೂ ಅವಳ ಜೊತೆಯ ಹುಡುಗಿಯರು ನನ್ನ ಮುಂದೆ ಮಾತಾಡಿಕೊಂಡರು. ಮುಂದೆ ಎಲ್ಲರ ಕೈಗೂ ಮೊಬೈಲ್ ಬಂತು, ಕಾಲಿನ ಕೆಲಸ ಬೆರಳಿಗೆ ಹೋಯಿತು. ಮಹಾಂತೇಶ ಅಂಗಡಿ ಮುಚ್ಚಿ ನನ್ನನ್ನು ಊರಾಚೆಯ ಗುಜರಿಗೆ ಮಾರಿದ.

ಗುಜರಿಯಲ್ಲಿ ಮೊದಲು ಪರದೆ ಹೋಯಿತು, ಆಮೇಲೆ ಸ್ಪೀಕರ್. ಬರೀ ಉಕ್ಕಿನ ಕಟ್ಟೆಯಾಗಿ ಉಳಿದೆ. ಅಲ್ಲಿ ಹೆಂಗಸರು ನೆಲದ ಮೇಲೆ ಕೂತು ವೈರು ಸುಲಿದು ತಾಮ್ರ ಬಿಡಿಸುತ್ತಾರೆ. ಅವರಲ್ಲೊಬ್ಬಳು ಒಂದು ಮಧ್ಯಾಹ್ನ ಸ್ಕ್ರೂಡ್ರೈವರ್ ಹಿಡಿದು ಕಾಲೆಳೆಯುತ್ತ ಬಂದಳು. ಬಗ್ಗಿ ನನ್ನನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡಳು.

"ಬಿಚ್ಚತೀನಿ, ತಪ್ಪ ತಿಳೀಬ್ಯಾಡ."

ನನಗೆ ಗುರುತು ಸಿಕ್ಕಿತು. ಅವಳಿಗೂ ಸಿಕ್ಕಿರಬೇಕು.

ಮೂರು ಬಾಣಗಳನ್ನು ಸಲೀಸಾಗಿ ಬಿಚ್ಚಿದಳು. ಎಡದ್ದು ಜಗ್ಗಲಿಲ್ಲ. ಮೀಟಿ ತೆಗೆದಾಗ ಕೆಳಗೆ ಹಸಿರು ಕಿಲುಬು, ಅದರ ನಡುವೆ ಕಪ್ಪಗೆ ಅಂಟಿಕೊಂಡ ಒಂದು ಬೀಜ. ಉಗುರಿನಿಂದ ಕೆರೆದು ಅಂಗೈಮೇಲೆ ಇಟ್ಟುಕೊಂಡಳು. ಬೆರಳಿನಿಂದ ಹೊರಳಿಸಿ ನೋಡಿದಳು. ಪಕ್ಕದ ಹೆಂಗಸು ಏನು ಸಿಕ್ಕಿತೆಂದು ಕೇಳಿದಳು.

"ಲಿಂಬಿ ಬೀಜ" ಎಂದಳು ಕಸ್ತೂರಿ. ಆಮೇಲೆ ಯಾರಿಗೂ ಅಲ್ಲದಂತೆ, "ನನ್ನ ಕಾಲು ಸರೀನ ಇತ್ತು" ಎಂದಳು.

ಬೀಜ ಎಸೆದಳು. ವೈರುಗಳನ್ನು ಕತ್ತರಿಸಿ ಗುಡ್ಡೆ ಹಾಕಿಕೊಂಡಳು. ನೆಲದ ಮೇಲೆ ಆ ಕಾಲು ಮಡಚಲು ಬಾರದು. ಆದ್ದರಿಂದ ನನ್ನನ್ನು ಬೋರಲು ಹಾಕಿ, ಮೇಲೆ ಒಂದು ಗೋಣಿಚೀಲ ಹಾಸಿ ಕೂತಳು. ಅವಳ ಪಾದಗಳನ್ನಲ್ಲ, ಕೂತ ಅವಳ ಭಾರವನ್ನು ಹೊತ್ತದ್ದು ಅದೇ ಮೊದಲು. ಈಗ ದಿನವೂ ಹೊರುತ್ತೇನೆ. ಕುಣಿಸುವುದಕ್ಕೆಂದು ಹುಟ್ಟಿದವನು ನಾನು, ಅವಳ ಕುರ್ಚಿಯಾಗಿ ಮುಗಿಯುತ್ತಿದ್ದೇನೆ. ಇದನ್ನು ಪುಣ್ಯ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ನಿನ್ನೆ ಹೊರಗಿನ ರಸ್ತೆಯಲ್ಲಿ ಒಂದು ಆಟೋ ನಿಂತಿತ್ತು. ಅದರೊಳಗೆ ಜೋರಾಗಿ ಹಾಡು. ವೈರು ಸುಲಿಯುತ್ತಲೇ ಅವಳ ಬಲಗಾಲು ನೆಲ ತಟ್ಟತೊಡಗಿತು, ಒಂದು ಪೆಟ್ಟೂ ತಪ್ಪದೆ. ಎಡಗಾಲು ಅಲುಗಲಿಲ್ಲ.