ಹೂ ಮುಡಿದವರ ನಡುವೆ

ಅದೋ ಅಮ್ಮ — ಅಲ್ಲ, ಇವಳೂ ಅಲ್ಲ, ಮಲ್ಲಿಗೆ ಮೊಗ್ಗಿನ ಸುತ್ತು, ಅದರ ಮೇಲೆ ಕೆಂಪು ಹೂ, ತುರುಬಿಗೆ ಅಡ್ಡ ಚುಚ್ಚಿದ ಮೂಳೆಯ ಕಡ್ಡಿ, ಎಲ್ಲ ಸರಿ, ತಿರುಗಿದರೆ ಇಪ್ಪತ್ತರ ಹುಡುಗಿ, ಏನ್ಬೇಕಿತ್ತು ಅನ್ನುತ್ತಾಳೆ, ಏನಿಲ್ಲಮ್ಮ, ನಮ್ಮಮ್ಮ ಅಂದ್ಕೊಂಡೆ, ಎಂದು ಸೂಯುನ್ ಮುಂದಕ್ಕೆ ಓಡಿದಳು. ಜಿನ್‌ಜಿಯಾಂಗ್ ನದಿಯ ದಂಡೆಯುದ್ದಕ್ಕೂ ಹೂಮುಡಿಗಳೇ, ಚುವಾನ್‌ಝೌ ಊರು ನೋಡಲು ಬಂದವರೆಲ್ಲ ಮುಡಿದು ಫೋಟೋ ತೆಗೆಸಿಕೊಳ್ಳುವವರೇ, ಕಾಸಿಗೆ ಮುಡಿಸಿದವರಲ್ಲಿ ತಾನೂ ಒಬ್ಬಳು, ಬೆಳಗಿನಿಂದ ಮೂವತ್ತು ತಲೆ, ಈಗ ಯಾರನ್ನು ಬಯ್ಯುವುದು, ಎಂಬತ್ತೊಂದರ ಅಮ್ಮ, ನೆನಪು ಹೋದ ಅಮ್ಮ, ಅಂಗಡಿಯ ಹಿಂದೆ ಕೂತಿದ್ದವಳು, ತಿರುಗಿ ನೋಡಿದರೆ ಮಣೆ ಖಾಲಿ — ಹೋದರೆ ನೀರಿನ ಕಡೆಗೇ ಹೋಗಿರುತ್ತಾಳೆ, ಅರವತ್ತು ವರ್ಷ ಕೆಸರಿನಲ್ಲಿ ಚಿಪ್ಪು ಕಿತ್ತ ಕಾಲು ಅತ್ತಲೇ ಎಳೆಯುತ್ತದೆ, ಹೋದ ತಿಂಗಳು ಮೊಣಕಾಲುದ್ದ ನೀರಲ್ಲಿ ನಿಂತು, ಬಾರೇ, ನೀರು ಇಳಿದಿದೆ, ಎಂದು ಕರೆಯುತ್ತಿದ್ದಳು, ಇಳಿದಿರಲಿಲ್ಲ, ಏರುತ್ತಿತ್ತು, ಈಗಲೂ ಕಡಲ ಉಬ್ಬರ ಏರುತ್ತಿದೆ, ಲಂಗರು ಹಾಕಿದ ದೋಣಿಗಳ ಮೂತಿ ಆಗಲೇ ಕಡಲ ಕಡೆಗೆ ತಿರುಗಿದೆ.

ಆಗ ದಂಡೆಯ ಚೌಕಿಯಲ್ಲಿ ಪೊಲೀಸಿನವನು ನಕ್ಕನಲ್ಲ, ಅಕ್ಕಾ, ಗುರುತು ಹೇಳಿ ಅಂದ್ರೆ ಹೂ ಮುಡ್ದಿದಾಳೆ ಅಂತೀರಲ್ಲ, ಒಂದ್ಸಲ ಹೊರಗೆ ಇಣುಕಿ ನೋಡಿ, ನಮ್ ಸಾಹೇಬ್ರ ಹೆಂಡ್ತೀನೂ ಮುಡ್ಕೊಂಡೇ ಓಡಾಡ್ತಿದಾರೆ. ನಮ್ಮಮ್ಮ ಫೋಟೋಕ್ಕೆ ಮುಡಿಯೋಳಲ್ಲಪ್ಪ, ಹೂ ಇಲ್ದೆ ಹೊಸ್ತಿಲು ದಾಟೋಳೇ ಅಲ್ಲ, ಬರ್ಕೊ. ಬರೆದುಕೊಂಡ, ಮೈಕಿನಲ್ಲೂ ಹಾಗೇ ಕೂಗಿಸಿದ. ಚಿಪ್ಪು ಒಡೆಯುತ್ತ ಕೂತಿದ್ದ ಪಕ್ಕದ ಮನೆಯ ಆಬೀ ಅತ್ತೆ ಚಾಕು ಕೂಡ ನಿಲ್ಲಿಸಲಿಲ್ಲ, ಊರೋರ ತಲೆಗೆಲ್ಲ ಹೂ ಇಡ್ತೀಯ, ಮನೆ ತಲೆ ಎಲ್ಲೋಯ್ತು ಅಂತ ಗೊತ್ತಿಲ್ವೇನೇ ನಿಂಗೆ — ಬಯ್ಯಲಿ, ಸರಿಯಾಗೇ ಬಯ್ದಳು. ಈ ಜನ್ಮದಲ್ಲಿ ಮುಡಿದವಳು ಮುಂದಿನ ಜನ್ಮದಲ್ಲಿ ಚೆಲುವೆ, ಎನ್ನುತ್ತ ಅಮ್ಮ ನನ್ನ ಎಳೇ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಅಪ್ಪ ತೀರಿಹೋದ ವರ್ಷವೂ ಸೂತಕದ ಬಿಳಿ ಹೂ ಬಿಟ್ಟವಳಲ್ಲ, ನನ್ನ ಹೆಸರೇ ಮರೆತಳು, ಮುಡಿಯುವುದು ಮರೆಯಲಿಲ್ಲ, ಇವತ್ತು ಬೆಳಿಗ್ಗೆಯೂ ತಾನೇ ಸುತ್ತಿಕೊಂಡಳು, ಎರಡು ಸುತ್ತು ಮೊಗ್ಗು, ಮೇಲೊಂದು ಕೆಂಪು ಹೂ, ಆಮೇಲೆ ಆ ಚೆಂಗ್ಡು ಊರಿನ ಗಿರಾಕಿ ಬಂದಳು, ರೈಲಿಗೆ ಹೊತ್ತಾಯ್ತು, ಬೇಗ, ಬೇಗ, ಬುಟ್ಟಿಯಲ್ಲಿ ಮೊಗ್ಗು ಮುಗಿದಿತ್ತು, ಪ್ಲಾಸ್ಟಿಕ್ ಬೇಡ, ನಿಜವಾದ ಹೂವೇ ಬೇಕು, ಆಗ ನಾನು ಕೈ ಹಿಂದಕ್ಕೆ ಚಾಚಿ —

ಸೂಯುನಳ ಕಾಲು ನಿಂತಿತು. ಬಿಚ್ಚಿದ್ದು ತಾನೇ. ಅಮ್ಮ, ಒಂದ್ ಗಳಿಗೆ, ಬೇರೆ ಕಟ್ಕೊಡ್ತೀನಿ, ಎಂದು ಅಮ್ಮನ ತಲೆಯಿಂದ ಎಲ್ಲ ಹೂ ಬಿಚ್ಚಿ ಆ ಗಿರಾಕಿಯ ತಲೆಗೆ ಸುತ್ತಿದ್ದಳು, ಅಮ್ಮ ಕೈ ಎತ್ತಿ ತುರುಬು ಮುಟ್ಟಿಕೊಂಡಳು, ಅದನ್ನೂ ಮರೆತೆಯಲ್ಲೇ ಸೂಯುನ್, ಪಾಪಿ, ಅವಳಿಗಲ್ಲ, ಮರೆವಿನ ರೋಗ ನಿನಗೆ. ಹೂವಿಲ್ಲದ ತಲೆಯನ್ನು ಊರಲ್ಲಿ ಯಾರೂ ಹುಡುಕುತ್ತಿಲ್ಲ. ಆಗಲೇ ನದಿಗಿಳಿಯುವ ಹಳೇ ಕಟ್ಟೆಯ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಿದ್ದಳಲ್ಲ ಒಬ್ಬ ಮುದುಕಿ, ನೀಲಿ ಅಂಗಿ, ಬರಿಯ ತುರುಬು, ಹೂವಿಲ್ಲ, ನಮ್ಮವಳಲ್ಲ ಎಂದು ದಾಟಿ ಬಂದೆಯಲ್ಲ, ಮುಖ ಕೂಡ ನೋಡಲಿಲ್ಲ. ಜನರನ್ನು ತಳ್ಳಿ ಹಿಂದಕ್ಕೆ ಓಡುತ್ತಾಳೆ, ನೀರು ಎಷ್ಟನೇ ಮೆಟ್ಟಿಲಿಗೆ ಬಂತೋ, ನಾಲ್ಕು ಮುಳುಗಿರಬೇಕು, ಐದು, ಅಮ್ಮ, ಅಲ್ಲೇ ಇರು, ಏಳಬೇಡ, ಎದುರಿಗೆ ದಾರಿ ಕಾಣುತ್ತಿಲ್ಲ, ನದಿ ಕಾಣುತ್ತಿಲ್ಲ, ಕಾಣುವುದು ಒಂದು ಸುಕ್ಕುಗಟ್ಟಿದ ಕೈ, ಬರಿಯ ತುರುಬನ್ನು ತಡವುತ್ತಿದೆ, ಏನೂ ಸಿಗದೆ ಮತ್ತೆ ತಡವುತ್ತಿದೆ.