ಕೊನೆಯ ಸ್ನಾನಕ್ಕೆ ಒಂದು ಕೊಡ ನೀರು

ಬಣ್ಣದ ಮೇಸ್ತ್ರಿಯ ಅಣ್ಣ ನಿದ್ದೆಯಲ್ಲೇ ತೀರಿಕೊಂಡಿದ್ದಾರೆಂದು ತಿಳಿದ ದಿನ ಮನೆಯಲ್ಲಿ ಮೊದಲು ಅಳು ಕೇಳಿಸಿತು, ಆಮೇಲೆ ನಗು. ನಗುವಿಗೆ ಕಾರಣ ಹಿತ್ತಲ ಬಾವಿ. ದುಃಖದ ಹೊತ್ತಿಗೆ ಬಿಳಿ ಉಡೋಣವೆಂದು ಮನೆಮಂದಿ ಬಟ್ಟೆಗಳನ್ನು ಆ ನೀರಿನಲ್ಲಿ ಜಾಲಿಸಿ ಒಣಹಾಕಿದರು. ಆ ಗಡಿಬಿಡಿಯಲ್ಲಿ ನೀರಿನ ತೆಳುಬಣ್ಣ ಯಾರ ಕಣ್ಣಿಗೂ ಬೀಳಲಿಲ್ಲ. ಒಣಗಿದಾಗ ಎಲ್ಲವೂ ಗುಲಾಬಿ! ಬಂದ ನೆಂಟರು ಇದು ಸಾವಿನ ಮನೆಯೋ ಮದುವೆ ಮನೆಯೋ ಎಂದು ಬಾಗಿಲಲ್ಲೇ ನಿಂತರು.

ಅದು ನೂಲಿಗೆ ಬಣ್ಣ ಹಾಕುವವರ ಬೀದಿ. ಬಾವಿ ಕೆಂಪಾದರೆ ಕೆಂಪು ನೂಲಿಗೆ ಬೇಡಿಕೆ, ನೀಲಿಯಾದರೆ ನೀಲಿಗೆ ಎಂದು ಮೇಸ್ತ್ರಿ ಮಾರುಕಟ್ಟೆಯ ಸಮಾಚಾರವನ್ನೆಲ್ಲ ಕೊಡದಲ್ಲೇ ಓದುತ್ತಿದ್ದ. ಕುಡಿಯಲು ಟ್ಯಾಂಕರ್ ಇತ್ತು. ಅಂದು ಟ್ಯಾಂಕರಿನ ದಿನವಲ್ಲ; ಇದ್ದ ಒಂದು ಬಿಂದಿಗೆ ನೆಂಟರ ಗಂಟಲಿಗೇ ಮುಗಿದಿತ್ತು.

ಅತ್ತಿಗೆ ಮೇಸ್ತ್ರಿಯನ್ನು ಕರೆದು ಹೇಳಿದರು: "ನಿಮ್ಮಣ್ಣ ಆಯುಸ್ಸೆಲ್ಲ ಬಣ್ಣದಲ್ಲೇ ಕಳೆದ್ರು ಕಣಪ್ಪ. ಹೋಗೋವಾಗಾದ್ರೂ ಬಣ್ಣ ಇಲ್ಲದ ನೀರಲ್ಲಿ ಸ್ನಾನ ಮಾಡಿಸು."

ಮೇಸ್ತ್ರಿ ಕೊಡ ಹಿಡಿದು ಹೊರಟ. ಪಕ್ಕದ ಮನೆಯ ಬಾವಿ ಹಸಿರು, ಎದುರುಮನೆಯದು ನೇರಳೆ. ಮೂಲೆಮನೆಯವನು ತನ್ನ ಬಾವಿ ಹಾಲಿನಂಥದ್ದೆಂದು ಆಣೆಯಿಟ್ಟು ಸೇದಿದ, ಬಂದದ್ದು ಹಳದಿ. ಕೊನೆಗೆ ಸಿಕ್ಕಿದ್ದು ಅದೇ ಬೀದಿಯಲ್ಲಿದ್ದ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮನ ಮನೆಯ ಮಳೆನೀರಿನ ತೊಟ್ಟಿ. ಅದೂ ತಳ ಕಾಣುತ್ತಿತ್ತು.

ಕೊಡ ತುಂಬಿಸುತ್ತಾ ನರ್ಸಮ್ಮ ಕಾರಣ ಬಿಡಿಸಿ ಹೇಳಿದರು. ನೂಲು ಅದ್ದಿ ಮಿಕ್ಕಿದ್ದನ್ನು ಪ್ರತಿ ಮನೆಯವರೂ ಹಿತ್ತಲ ಗುಂಡಿಗೆ ಸುರಿಯುತ್ತಾರೆ, ಆ ಬಣ್ಣದ ನೀರು ಇಂಗಿ ಬಾವಿಗೇ ಬರುತ್ತದೆ. ಬಣ್ಣ ಕಾಯಿಸುವ ಬಾಯ್ಲರಿನಲ್ಲಿ ಸೌದೆ, ಕಲ್ಲಿದ್ದಲು ಸುಟ್ಟಾಗ ಏಳುವ ಅನಿಲ ಭೂಮಿಗೆ ಕಂಬಳಿ ಹೊದಿಸುತ್ತದೆ. ಸೆಕೆ ಏರುತ್ತದೆ, ಮಳೆ ಹೊತ್ತು ತಪ್ಪುತ್ತದೆ. ಅದಕ್ಕೇ ಈ ಸಲ ತೊಟ್ಟಿ ತುಂಬಿಲ್ಲ.

"ಇಷ್ಟಗಲ ಆಕಾಶಕ್ಕೆ ನನ್ನದೊಂದು ಚಿಮಣಿ ಯಾವ ಲೆಕ್ಕ, ನರ್ಸಮ್ಮ?"

"ಈ ಬೀದೀಲಿ ನಲವತ್ತು ಚಿಮಣಿ ಇದೆ ಮೇಸ್ತ್ರಿ, ನಲವತ್ತು ಜನಾನೂ ಇದನ್ನೇ ಹೇಳ್ತಾರೆ. ಇಂಥ ಬೀದಿ ಪ್ರಪಂಚದಲ್ಲಿ ಎಷ್ಟಿದೆಯೋ. ನಾಳೆ ನಿಮಗೇ ಇಂಥ ಒಂದು ಕೊಡ ಬೇಕಾದಾಗ ನಾನು ಎಲ್ಲಿಂದ ತರಲಿ?"

ತನ್ನನ್ನು ನೇರಳೆ ನೀರಿನಲ್ಲಿ ಮೀಯಿಸಿ, ಬದನೆಕಾಯಿಯಂತೆ ಮಲಗಿಸಿದ್ದು ಮೇಸ್ತ್ರಿಯ ಕಣ್ಣಿಗೆ ಕಟ್ಟಿತು. ಒಂದು ಹನಿಯೂ ತುಳುಕದಂತೆ ಕೊಡ ಹೊತ್ತು ಮನೆಗೆ ಬಂದ. ಅಣ್ಣನ ಹಣೆಯಿಂದ ತಿಳಿನೀರು ಇಳಿದಾಗ ಅತ್ತಿಗೆ ಸಮಾಧಾನದಿಂದ ಕಣ್ಣೊರೆಸಿಕೊಂಡರು.

ಆ ವಾರವೇ ಅವನು ಗುಂಡಿ ಮುಚ್ಚಿಸಿದ. ಈಗ ನೂಲನ್ನು ಕೊನೆಯಲ್ಲಿ ಜಾಲಿಸಿದ ನೀರು ಮುಂದಿನ ನೂಲಿನ ಮೊದಲ ತೊಳೆತಕ್ಕೆ ಹೋಗುತ್ತದೆ. ಹಬೆ ತಣಿದು ಬಂದ ಬಿಸಿನೀರು ಬಾಯ್ಲರಿಗೇ ಮರಳುವುದರಿಂದ ಸೌದೆಯೂ ಉಳಿಯುತ್ತದೆ. ಉಳಿದ ಕೊಳೆನೀರಿಗೆ ಬೀದಿಯವರೆಲ್ಲ ಸೇರಿ ಶುದ್ಧೀಕರಣದ ತೊಟ್ಟಿ ಕಟ್ಟಿಸುತ್ತಿದ್ದಾರೆ. ಬಾವಿ ಇನ್ನೂ ತಿಳಿಯಾಗಿಲ್ಲ. ಅದಕ್ಕೆ ವರ್ಷಗಳೇ ಬೇಕು.

ಓದುವ ಬಂಧುಗಳೇ, ನಿಮ್ಮ ಕಸುಬು ಯಾವುದೇ ಇರಲಿ, ಬಳಸಿದ ನೀರನ್ನು ಮತ್ತೊಮ್ಮೆ ಬಳಸಿ. ಸುಡುವುದನ್ನು ಕಡಿಮೆ ಮಾಡಿ. ಕೊಳೆಯನ್ನು ಮಣ್ಣಿಗೆ ಬಿಡಬೇಡಿ. ನಮ್ಮದೊಂದರಿಂದ ಏನಾದೀತು ಎನ್ನಬೇಡಿ. ಹೋದವರಿಗೆ ನಾವು ಕೊಡಬಹುದಾದದ್ದು ಅಷ್ಟೇ: ಇರುವವರಿಗೆ ಶುಭ್ರವಾದ ನೀರು. ಆ ಹಿರಿಯ ಜೀವವನ್ನು ಭಗವಂತನು ತನ್ನ ಬಳಿ ಇರಿಸಿಕೊಂಡು ಚಿರಶಾಂತಿಯನ್ನು ಕರುಣಿಸಲಿ.