ಹೊಸ್ತಿನ ದಿನದ ಶುಗರ್

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಬಾಯಿ ಹಾಕುವಷ್ಟು ತಿಳಿವಳಿಕೆ ನನಗಿಲ್ಲ. ಹೇಳುವುದರಲ್ಲಿ ತಪ್ಪಿದ್ದರೆ ಓದುವವರು ಕ್ಷಮಿಸಬೇಕು.

"ನೂರ ನಾಲ್ಕು! ನೋಡ್ರೋ, ನೂರ ನಾಲ್ಕು!"

ಸುರೇಂದ್ರ ಶುಗರ್ ಮೆಷಿನ್ ಹಿಡಿದುಕೊಂಡು ಜಗಲಿಯಲ್ಲಿ ಕುಣಿಯುತ್ತಿದ್ದ. ಅವನು ರಿಪ್ಪನ್‌ಪೇಟೆಯಲ್ಲಿ ಆಟೋ ಓಡಿಸುವವನು. ಮೂರು ತಿಂಗಳ ಹಿಂದೆ ಇದೇ ಮೆಷಿನ್ ಇನ್ನೂರ ಎಂಬತ್ತು ತೋರಿಸಿತ್ತು. ಆಮೇಲೆ ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ ಅನ್ನ, ರೊಟ್ಟಿ, ಹಣ್ಣು, ಸೊಪ್ಪು ಎಲ್ಲ ಬಿಟ್ಟು ಬರೀ ಕೋಳಿ, ಕುರಿ, ಮೀನಿನ ಮೇಲೇ ನಿಂತಿದ್ದ. ಮಾತ್ರೆಯನ್ನೂ ಬಿಟ್ಟಿದ್ದ.

ಹೆಂಡತಿ ತನುಜಾ ಊರಿನ ಆಶಾ ಕಾರ್ಯಕರ್ತೆ. ಮಾತ್ರೆ ತಪ್ಪಿಸಬೇಡಿ ಎಂದು ಮನೆಮನೆಗೆ ಹೇಳಿಕೊಂಡು ಬರುವವಳು. "ಮೊದ್ಲು ನಿನ್ ಗಂಡಂಗೆ ನುಂಗ್ಸು" ಎಂದು ಜನ ನಗತೊಡಗಿದ್ದರು.

"ಈಗೇನಂತೀರಿ ಅತ್ಗೆಮ್ಮ?" ಪಕ್ಕದ ಮನೆಯ ವಿನೋದ್ ಕೆಣಕಿದ. "ಮಾತ್ರೆ ಸೋಲ್ತು, ಕೋಳಿ ಗೆಲ್ತು!"

"ಶುಗರ್ ಇಳ್ದಿದೆ, ಇಲ್ಲ ಅನ್ನಲ್ಲ. ಕೊಬ್ಬು ಎಷ್ಟಿದೆ, ಕಿಡ್ನಿ ಹೆಂಗಿದೆ ಅಂತ ನೋಡ್ಸಿದಾರಾ? ಮಾತ್ರೆ ಕಮ್ಮಿ ಮಾಡೋದಾದ್ರೆ ಡಾಕ್ಟ್ರು ಮಾಡ್ತಾರೆ, ಇವ್ರ ಮೊಬೈಲಲ್ಲ."

"ಸೋತೋರ ಮಾತು ಯಾವಾಗ್ಲೂ ಹಿಂಗೇ ಕಣೆ!" ಸುರೇಂದ್ರ ಇನ್ನೊಂದು ಸುತ್ತು ಕುಣಿದ.

ಅಂದು ಹೊಸ್ತಿನ ಹಬ್ಬ. ಹೊಸ ಅಕ್ಕಿಯ ಅನ್ನವನ್ನು, ಚಿಕ್ಕವರು 'ಹೊಸ್ತು ಉಣ್ತೀನಿ' ಎಂದು ಕೇಳಿ, ದೊಡ್ಡವರು 'ಉಣ್ಣು' ಎಂದ ಮೇಲೆಯೇ ಬಾಯಿಗಿಡುವ ದಿನ. ಸುರೇಂದ್ರನ ಕೋಳಿ ಮಾತ್ರ ಹಿತ್ತಿಲಿನ ಕಲ್ಲೊಲೆಯ ಮೇಲೆ ಬೇರೆಯಾಗಿ ಬೇಯುತ್ತಿತ್ತು.

ಬಾಗಿಲಲ್ಲಿ ಕೂತು ಮಗನ ಕುಣಿತಕ್ಕೆ ನಗುತ್ತಿದ್ದ ಅವ್ವ ಕನ್ನಮ್ಮ, ಅವಳಿಗೂ ಹಳೆಯ ಸಕ್ಕರೆ ಕಾಯಿಲೆ, ತಾನೂ ಬೆರಳು ಚಾಚಿದಳು. "ತನುಜಾ, ನಂದೂ ನೋಡೇ. ಇವ್ನಿಗಿಂತ ಕಮ್ಮಿ ಬರ್ತದೆ."

ಮುನ್ನೂರ ಎಂಬತ್ತೆರಡು.

ತನುಜಾ ಅತ್ತೆಯ ಕೈ ತೊಳೆಸಿ ಇನ್ನೊಂದು ಬೆರಳು ಚುಚ್ಚಿದಳು. ಮುನ್ನೂರ ಎಪ್ಪತ್ತೊಂಬತ್ತು.

"ಅತ್ತೆ, ಮಾತ್ರೆ?"

"ಬಿಟ್ಟು ತಿಂಗ್ಳಾಯ್ತಲ್ಲ. ಇವ್ನು ಬಿಟ್ಟು ಗುಂಡುಕಲ್ಲಿನಂಗಿದಾನೆ. ನಾನ್ಯಾಕೆ ನುಂಗ್ಲಿ?"

"ಅವ್ವಾ, ನಾನು ಅನ್ನ ಬಿಟ್ಟಿದೀನಿ! ನೀನು ಮೂರು ಹೊತ್ತೂ ಉಣ್ತೀಯ!"

"ಅನ್ನ ಬಿಡು ಅಂತ ನನಗ್ಯಾವಾಗ ಹೇಳ್ದೆ? ಮಾತ್ರೆ ದಂಡ ಅಂತ ದಿನಾ ಕೂಗ್ತಿದ್ದೆ."

ಸುರೇಂದ್ರ ಅಂಗಳಕ್ಕೆ ಹಾರಿ ಆಟೋ ಸ್ಟಾರ್ಟ್ ಮಾಡಿದ. "ಹತ್ತು, ಆಸ್ಪತ್ರೆಗೆ ಹೋಗಣ."

ಕನ್ನಮ್ಮ ಅಲುಗಲಿಲ್ಲ. "ಮಗ ಹೊಸ್ತು ಉಣ್ದೇ ನಾ ಹೊಸ್ಲು ದಾಟಲ್ಲ. ಈ ಮನೇಲಿ ಯಾರೂ ಬಿಟ್ಟಿಲ್ಲ. ಒಂದ್ ಅಗುಳಾದ್ರೂ ಸೈ."

"ಅವ್ವಾ, ಟೈಮಿಲ್ಲ!"

"ಟೈಮಿಲ್ದಿದ್ರೆ ಬೇಗ ಕೇಳು."

ಸುರೇಂದ್ರ ಹೆಂಡತಿಯ ಮುಖ ನೋಡಿದ. ತನುಜಾ ಒಳಗೆ ಓಡಿ, ಬಾಳೆ ಎಲೆಯ ಚೂರಿನಲ್ಲಿ ಅನ್ನ ತಂದು ಹಿಡಿದಳು. ಅವನು ಒಂದು ಅಗುಳು ಎತ್ತಿಕೊಂಡ.

"ಅವ್ವಾ... ಹೊಸ್ತು ಉಣ್ತೀನಿ."

"ಉಣ್ಣಪ್ಪ."

ಬಾಯಿಗಿಟ್ಟ. ಕನ್ನಮ್ಮ ಸೆರಗು ಕೊಡವಿಕೊಂಡು ಎದ್ದು, ಸೊಸೆಯ ಭುಜ ಹಿಡಿದು ಆಟೋ ಹತ್ತಿದಳು.

ಮಾಂಸ ಸರಿಯೋ ಮಾತ್ರೆ ಸರಿಯೋ, ನನಗೆ ಗೊತ್ತಿಲ್ಲ. ಗಾಡಿ ತಿರುಗಿಸುವಾಗ ಸುರೇಂದ್ರನ ಬಾಯಿ ಮುಚ್ಚಿಯೇ ಇತ್ತು. ಆ ಅಗುಳನ್ನು ಅವನು ನುಂಗಿದನೋ ಇಲ್ಲವೋ, ಅದೂ ಗೊತ್ತಿಲ್ಲ.